ಕೊನೆಯ ಗುಟುಕು

ಗುಡ್ಡದಂಚಿಗೆ ಗಾಳಿ ಚೆನ್ನಾಗಿ ಬಡಿಯುತ್ತಿತ್ತು. ಮೋಟರಿಲ್ಲದ, ರಿಮೋಟಿನಿಂದ ಹಾರಿಸುವ ಆ ಪುಟ್ಟ ಗ್ಲೈಡರಿನ ನಕ್ಷೆ ಬರೆದವಳೂ ಕಟ್ಟಿದವಳೂ ಮಗಳೇ. ಹಾರಿಸಲು ಕಲಿಸಿದವರು ಅಪ್ಪ.

"ನಾನು ಕಾಫಿ ಮುಗಿಸೋವರೆಗೂ ಇದು ಮೇಲಿದ್ದರೆ ನೀನು ಹೇಳಿದ ವಿಮಾನದ ಕೋರ್ಸು. ಬಿದ್ದರೆ ನಾನು ಹೇಳಿದ ಹುಡುಗನ ಜೊತೆ ಮದುವೆ. ಆಮೇಲೆ ಅಳಬಾರದು."

"ಅಳಲ್ಲ. ನಿಮ್ಮ ರಿಮೋಟ್ ಆಫ್ ಇದೆ ತಾನೆ?"

ಇಬ್ಬರದೂ ಒಂದೇ ಫ್ರೀಕ್ವೆನ್ಸಿ. ಎರಡೂ ರಿಮೋಟ್ ಒಟ್ಟಿಗೆ ಆನ್ ಆದರೆ ಹಾರುತ್ತಿರುವುದು ಮಾತು ಕೇಳದೆ ಬೀಳುತ್ತದೆ. ಹಾರಿಸುವ ಮೊದಲು ಕೇಳಲೇಬೇಕೆಂದು ಅಭ್ಯಾಸ ಮಾಡಿಸಿದ್ದು ಅಪ್ಪನೇ.

"ನನ್ನ ಗ್ಲೈಡರೇ ತಂದಿಲ್ಲ, ರಿಮೋಟ್ ಯಾಕೆ ತರಲಿ?" ಎನ್ನುತ್ತಾ ಅಪ್ಪ ಚೀಲದಿಂದ ಫ್ಲಾಸ್ಕ್ ತೆಗೆದರು.

ಅವಳು ಎಸೆದಳು. ಗ್ಲೈಡರ್ ಗಾಳಿ ಹಿಡಿದು ಮೇಲೇರಿತು, ಹದ್ದಿನ ಹಾಗೆ ನಿರಾಳವಾಗಿ ಸುತ್ತತೊಡಗಿತು. ಲೋಟದಲ್ಲಿ ಕೊನೆಯ ಗುಟುಕು ಉಳಿದಿದ್ದಾಗ ಅದು ನಡುಗಿ, ಮಗುಚಿ, ಕೆಳಗಿನ ಬಂಡೆಗೆ ಬಡಿಯಿತು.

ಮಗಳು ತನ್ನ ರಿಮೋಟನ್ನು ಕೆಳಗಿಟ್ಟಳು.

"ರೆಕ್ಕೆಯ ಅಳತೆಯಲ್ಲಿ ನಾನೇ ಎಲ್ಲೋ ತಪ್ಪಿದ್ದೀನಿ ಅಪ್ಪಾ. ಆ ಹುಡುಗನ ಮನೆಯವರಿಗೆ ಬರೋಕೆ ಹೇಳಿ."

"ಹೋಗ್ಲಿ ಬಿಡಮ್ಮ. ಚೂರುಗಳನ್ನ ಆಯ್ದುಕೊಂಡು ಬಾ."

ಅವಳು ಇಳಿದು ಮರೆಯಾದ ಮೇಲೆ ಅಪ್ಪ ಉಳಿದ ಕಾಫಿ ಕುಡಿದು, ಚೀಲದೊಳಗೆ ಕೈ ಹಾಕಿ, ತಮ್ಮ ರಿಮೋಟನ್ನು ಆಫ್ ಮಾಡಿದರು.