ಅಕ್ಕೋರ ಸನ್ಮಾನಕ್ಕೆ ಬಂದ ಶೌಚಾಲಯ

ಸಂಚಾರಿ ಶೌಚಾಲಯಗಳಿಗೆ ಕಾಲು ಬಂದ ಮೇಲೆ ಅವು ಯಾರ ಮಾತೂ ಕೇಳುತ್ತಿರಲಿಲ್ಲ. ಮೈದಾನದಲ್ಲಿ ಇಳಿಸಿದರೆ ಸಾಕು, ತಮಗೆ ಸರಿಕಂಡಲ್ಲಿ ಹೋಗಿ ಕೂರುತ್ತಿದ್ದವು. ಧಾರವಾಡದ ಆ ಸನ್ಮಾನ ಸಮಾರಂಭದಲ್ಲಿ ಉಳಿದವೆಲ್ಲ ಬೇಲಿಯ ಪಕ್ಕ ಕೂತರೆ, ಗಾಲಿಕುರ್ಚಿಯವರಿಗೆಂದೇ ಇದ್ದ ಅಗಲವಾದ ಶೌಚಾಲಯ ಮಾತ್ರ ವೇದಿಕೆಗೇ ಅಂಟಿಕೊಂಡು ಕೂತಿತು.

ಕಾರ್ಯದರ್ಶಿ ಚೆನ್ನವೀರಪ್ಪನ ಪಿತ್ತ ನೆತ್ತಿಗೇರಿತು. “ಏ, ಆ ಜಲ್ಲಿ ರಾಶಿ ಹಿಂದ ಹೋಗು! ಅತಿಥಿಗಳು ಬರೂ ಹೊತ್ತಾತು!” ಎಂದು ಸನ್ಮಾನದ ಶಾಲನ್ನೇ ಬೀಸಿ ಅಟ್ಟಿದ. ಅದು ಎರಡು ಹೆಜ್ಜೆ ಸರಿದು, ಅವನು ಬೆನ್ನು ತಿರುಗಿಸಿದೊಡನೆ ಮತ್ತೆ ಬಂದು ಕೂತಿತು.

ಅಷ್ಟರಲ್ಲಿ ಸನ್ಮಾನಿತೆ, ನಿವೃತ್ತ ಶಿಕ್ಷಕಿ ವತ್ಸಲಾ, ಗಾಲಿಕುರ್ಚಿಯಲ್ಲಿ ಬಂದರು. ವೇದಿಕೆಗೆ ಇದ್ದದ್ದು ಮೆಟ್ಟಿಲು ಮಾತ್ರ.

“ಚೆನ್ನವೀರಪ್ಪಾ, ನಾ ಹೆಂಗ ಹತ್ತಲಿ?”

“ಅಕ್ಕೋರ, ಅದು ನಮಗ ಹೊಳೀಲೇ ಇಲ್ರಿ...”

ಶೌಚಾಲಯ ಮಂಡಿಯೂರಿ ಇಳಿಜಾರು ಹಲಗೆ ಚಾಚಿತು. ಅವರನ್ನು ಒಳಗೆ ಕರೆದುಕೊಂಡು ವೇದಿಕೆಯ ಎತ್ತರಕ್ಕೆ ಎದ್ದು ನಿಂತು, ಆಚೆಯ ಬಾಗಿಲು ತೆರೆಯಿತು. ಸಭೆ ಚಪ್ಪಾಳೆ ತಟ್ಟಿತು.

ವತ್ಸಲಾ ಮೈಕು ಹಿಡಿದರು. “ವೇದಿಕಿಗೆ ನನ್ನ ಕರದವ್ರು ನೀವು. ಕರಕೊಂಡು ಬಂದದ್ದು ಇದು. ಆ ಶಾಲು ಇದಕ್ಕ ಹೊದಸ್ರಿ.”

ಚೆನ್ನವೀರಪ್ಪ ಶಾಲು ಹಿಡಿದು, ಅದರ ಹೆಗಲು ಯಾವ ಕಡೆ ಇದೆಯೆಂದು ಸುತ್ತುಹಾಕತೊಡಗಿದ.