ಸದ್ದು ಮಾಡುವ ಕೀಬೋರ್ಡ್

"ಇದು ಒತ್ತಿದ್ದೇ ಗೊತ್ತಾಗಲ್ಲಮ್ಮ, ಅಷ್ಟು ಮೆತ್ತಗೆ" ಎಂದು ಅಂಗಡಿಯವನು ಒಂದು ಕೀಬೋರ್ಡನ್ನು ಮುಂದಿಟ್ಟ. ಮನೆಯಲ್ಲೇ ಕೂತು ಕಂಪನಿಯ ಕೆಲಸ ಮಾಡುವ ಮೇದಿನಿಗೆ ಅದು ಹಿಡಿಸಿತು. ಜೊತೆಗೆ ಬಂದಿದ್ದ ಅತ್ತೆ ಮಾತ್ರ ಎಲ್ಲವನ್ನೂ ಒತ್ತಿ ನೋಡಿ, ಟಕಟಕ ಎಂದು ಜೋರಾಗಿ ಸದ್ದು ಮಾಡುವುದನ್ನೇ ಎತ್ತಿಕೊಂಡರು.

"ಇದೇ ಇರ್ಲಿ. ನಾನೇ ಕೊಡಿಸ್ತೀನಿ."

ಅತ್ತೆಯ ಲೆಕ್ಕಾಚಾರ ಏನೆಂದು ಮರುದಿನವೇ ಮೇದಿನಿಗೆ ಹೊಳೆಯಿತು. ಅವಳ ಬೆರಳು ಸ್ವಲ್ಪ ಹೊತ್ತು ನಿಂತರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತಿತ್ತು.

"ಮೇದಿನೀ, ಯಾಕಮ್ಮ ನಿಲ್ಲಿಸ್ದೆ?"

ಫೋನ್ ಹಿಡಿದರೂ ಕೂಗು, ಸುಮ್ಮನೆ ಯೋಚಿಸುತ್ತ ಕೂತರೂ ಕೂಗು. ಕೆಲವೊಮ್ಮೆ ಅತ್ತೆ ಬಾಗಿಲ ಸಂದಿಯಿಂದ ಇಣುಕಿ ಹೋಗುವುದೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ.

"ನಾನು ಕೆಲಸ ಮಾಡ್ತೀನೋ ಇಲ್ವೋ ಅಂತ ಕಾಯೋಕೇ ಇದನ್ನ ಕೊಡಿಸಿದ್ರಾ ಅತ್ತೆ? ಅಷ್ಟೊಂದು ಅನುಮಾನಾನಾ ನನ್ಮೇಲೆ?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತರು.

"ನೀನು ಈ ಮನೆಗೆ ಬರೋಕೆ ಮುಂಚೆ ನಿಮ್ಮ ಮಾವನೂ ಇದೇ ರೂಮಲ್ಲಿ ಕೂತು ಬರೀತಿದ್ರು ಕಣಮ್ಮ. ಒಂಚೂರೂ ಸದ್ದು ಬರ್ಲಿಲ್ಲ, ನಾನು ಕಾಫಿ ತರೋ ಹೊತ್ತಿಗೆ ಮೈ ತಣ್ಣಗಾಗಿತ್ತು."