ಗೆರೆಯ ಈಚೆ

"ಈ ಸಲ ಚೆಂಡು ನಿಂಗೇ," ಎಂದರು ಕೋಚ್ ಹಾಲ್ಸಿ. ಟೆವಿನ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಟೆಕ್ಸಸ್‌ನ ಈ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಎಂದರೆ ಎಸೆತ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರಕ್ಕೆ ಎಸೆಯುತ್ತಾನೆ, ಊರಿಗೆ ಊರೇ ಅವನ ಹೆಸರು ಕೂಗುತ್ತದೆ. ಚೆಂಡು ಹಿಡಿದು ಓಡಬೇಕಾದ ರನ್ನಿಂಗ್ ಬ್ಯಾಕ್ ಟೆವಿನ್‌ಗೆ ಕೊಟ್ಟಿದ್ದ ಕೆಲಸವೇ ಬೇರೆ: ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಿ ಬರುವವರಿಗೆ ಎದೆಯೊಡ್ಡಿ ನಿಲ್ಲುವುದು. ಓಟಗಾರನೆಂದು ಕರೆತಂದು ಗೋಡೆ ಮಾಡಿಟ್ಟಿದ್ದರು. ಇದು ಅವನ ಕೊನೆಯ ಆಟ. ಚೆಂಡಿನೊಡನೆ ಮೈದಾನದ ತುದಿಯ ಗೆರೆ ದಾಟಿ ಟಚ್‌ಡೌನ್ ಮಾಡುವ ಭಾಗ್ಯ ಇನ್ನೂ ಒಮ್ಮೆಯೂ ಒಲಿದಿರಲಿಲ್ಲ. ಆಟಕ್ಕೆ ಮುಂಚೆ, ಕೊನೆಯ ವರ್ಷದವರ ತಾಯಂದಿರನ್ನು ಮೈದಾನಕ್ಕೆ ಕರೆದು ಹೂವು ಕೊಡುವಾಗ, ಅವನಮ್ಮ ಲೊರೇನ್ ಅವನ ಕಿವಿಯಲ್ಲಿ ಹೇಳಿದ್ದಳು: "ಇವತ್ತೊಂದು ಸಲ ಆ ಗೆರೆ ದಾಟ್ಬಿಡೋ ಮಗನೇ. ಕಣ್ತುಂಬ ನೋಡ್ಕೊಂಡು ಊರಿಗೆ ಹೋಗ್ತೀನಿ."

ಈಗ ಟೆವಿನ್‌ನ ತಂಡಕ್ಕೆ ಒಂದೇ ಅಂಕದ ಮುನ್ನಡೆ, ಉಳಿದಿರುವುದು ನಿಮಿಷದ ಮಾತು. ಎಸೆದ ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಹಿಡಿದು ಓಡಿದರೆ ಗಡಿಯಾರವೂ ಓಡುತ್ತದೆ. ಎಸೆತವೇ ಸರ್ವಸ್ವ ಎಂದುಕೊಂಡಿದ್ದ ಹಾಲ್ಸಿಯವರಿಗೆ ಕೊನೆಗೂ ಓಟಗಾರ ಬೇಕಾಗಿದ್ದ.

"ಆದ್ರೆ ಕೇಳು," ಎಂದು ಅವರು ಟೆವಿನ್‌ನ ಭುಜ ಹಿಡಿದರು. "ಅವ್ರು ಬೇಕಂತ್ಲೇ ನಿಂಗೆ ದಾರಿ ಬಿಡ್ತಾರೆ. ನೀನು ಗೆರೆ ದಾಟಿದ್ರೆ ಅಂಕ ನಮ್ಗೆ, ಆದ್ರೆ ಚೆಂಡು ಅವರ ಕೈಗೆ. ಆ ಕಡೆಯ ಹುಡ್ಗ ಇವತ್ತು ಎಸೆದಿದ್ದೆಲ್ಲ ಗುರಿ ಮುಟ್ತಿದೆ. ಅದಕ್ಕೇ ಗೆರೆಗೆ ಮುಂಚೆ ಬಿದ್ಬಿಡು. ಚೆಂಡು ನಮ್ಮ ಹತ್ರಾನೇ ಇರುತ್ತೆ, ಹೊತ್ತು ಕಳೆದು ಗೆಲ್ತೀವಿ."

"ನಾಲ್ಕು ವರ್ಷದಿಂದ ಬೇಡ್ಕೊಳ್ತಿದೀನಿ ಕೋಚ್. ಈಗ ತಟ್ಟೆ ತುಂಬ ಬಡಿಸಿ, ತಿನ್ನಬೇಡ ಅಂತೀರಲ್ಲ!"

ಹಾಲ್ಸಿ ದೃಷ್ಟಿ ತಪ್ಪಿಸಿದರು. "ಬೇರೆಯವ್ರಿಗೆ ಹೇಳಿದ್ರೆ ಕೇಳಲ್ಲ ಕಣೋ. ನೀನು ಕೇಳ್ತೀಯ."

ಆ ನಂಬಿಕೆಯೇ ಟೆವಿನ್‌ಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಚೆಂಡು ಕೈಗೆ ಬಂತು. ಟೆವಿನ್ ಓಡಿದ. ಹಾಲ್ಸಿ ಹೇಳಿದಂತೆಯೇ ಎದುರಾಳಿಗಳು ಅತ್ತಿತ್ತ ಸರಿದುಕೊಂಡರು. ಅವರಲ್ಲೊಬ್ಬ ದಡಿಯ, ಮದುವೆ ಮನೆಯವನ ಹಾಗೆ ಕೈ ಚಾಚಿ, "ಬಾರಪ್ಪಾ ಬಾ, ಇವತ್ತು ನಿಂದೇ ಹಬ್ಬ!" ಎಂದ. ಮುಂದೆ ಬರೀ ಹಸಿರು, ಅದರಾಚೆ ಆ ಬಿಳಿ ಗೆರೆ. ಕಾಲುಗಳು ಮಾತು ಕೇಳುವ ಹಾಗಿರಲಿಲ್ಲ. ಇಷ್ಟು ದಿನ ತಿಂದ ಪೆಟ್ಟೆಲ್ಲ ಈ ಒಂದು ಓಟಕ್ಕೇ ಅನ್ನಿಸಿ ಅವನ ಕಣ್ಣು ಮಂಜಾಯಿತು. ಇನ್ನೊಂದೇ ಹೆಜ್ಜೆ ಇರುವಾಗ ಚೆಂಡನ್ನು ಎದೆಗವಚಿಕೊಂಡು ನೆಲಕ್ಕೆ ಬಿದ್ದ.

ದಡಿಯ ಓಡಿ ಬಂದು ರಟ್ಟೆ ಹಿಡಿದು ಜಗ್ಗಿದ. "ಏಳೋ ಮಾರಾಯಾ! ಇಷ್ಟು ಹತ್ರ ಬಂದು ಯಾರಾದ್ರೂ ಮಲಗ್ತಾರೇನೋ?"

"ನಿಂಗ್ಯಾಕೆ ಇಷ್ಟು ಅವಸರ?" ಎಂದ ಟೆವಿನ್, ಹುಲ್ಲಿನಿಂದ ಮುಖ ಎತ್ತದೆ.

ಆಮೇಲೆ ಕ್ವಾರ್ಟರ್‌ಬ್ಯಾಕ್ ಹೊತ್ತು ಕಳೆಯಲು ಚೆಂಡು ಹಿಡಿದು ಸುಮ್ಮನೆ ಮಂಡಿಯೂರಿದ, ಗಡಿಯಾರ ಸೊನ್ನೆಗಿಳಿಯಿತು. ಜನ ಮೈದಾನಕ್ಕೆ ನುಗ್ಗಿ ಅವನನ್ನೇ ಹೆಗಲ ಮೇಲೆ ಹೊತ್ತು ಮೆರೆಸಿದರು.

ಲೊರೇನ್ ಗುಂಪನ್ನು ಸೀಳಿಕೊಂಡು ಬಂದವಳೇ ಮಗನ ಮಂಡಿ, ಮೊಣಕೈಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

"ಪೆಟ್ಟಾಯ್ತೇನೋ ಕಂದಾ? ನಿನ್ನ ಮುಂದೆ ಒಂದು ನರಪಿಳ್ಳೇನೂ ಇರ್ಲಿಲ್ವಲ್ಲೋ! ಯಾರು ಬೀಳಿಸಿದ್ದು ನಿನ್ನ?"

ಗೆದ್ದ ಖುಷಿಗೆ ಹುಡುಗರು ತಲೆಯ ಮೇಲೆ ಸುರಿದ ಐಸ್ ನೀರಿನಲ್ಲಿ ತೊಯ್ದು ಪಕ್ಕದಲ್ಲೇ ನಿಂತಿದ್ದ ಹಾಲ್ಸಿ ಟೋಪಿ ತೆಗೆದರು.

"ನಾನಮ್ಮಾ," ಎಂದರು.